ದಿಟದ ಮಾತೂ ವ್ಯಾಪಾರವೂ

ವ್ಯಾಪಾರವೆಂದ ಮೇಲೆ ಒಂದಿಷ್ಟು ಸುಳ್ಳು ಇರಲೇಬೇಕೆಂಬ ಮಾತು ಜನರಲ್ಲಿ ಬಹುಕಾಲದಿಂದ ರೂಢವಾಗಿದೆ. ಸಂತೆಯಲ್ಲಿ ಈ ಸುಳ್ಳಿಗೊಂದು ಮಿತಿಯಿತ್ತು. ಕೊಳ್ಳುವವನು ಬದನೆಯನ್ನು ಒತ್ತಿ ನೋಡುತ್ತಿದ್ದನು, ಬಟ್ಟೆಯ ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡುತ್ತಿದ್ದನು. ಮಾತನ್ನು ನಂಬಲಾಗದಿದ್ದರೆ ತನ್ನ ಕೈಯನ್ನು ನಂಬುತ್ತಿದ್ದನು. ಅಂತರಜಾಲದ ಅಂಗಡಿಯಲ್ಲಿ ಕೈಗೆ ಕೆಲಸವಿಲ್ಲ. ಅಲ್ಲಿರುವುದು ಚಿತ್ರ ಮತ್ತು ಮಾತು, ಎರಡೇ. ಹೀಗಿರುವಲ್ಲಿ, ಅಬ್ಬರವಿಲ್ಲದೆ ಇದ್ದುದನ್ನು ಇದ್ದಂತೆ ಹೇಳುವ ಸಣ್ಣ ವ್ಯಾಪಾರಿ ಬದುಕಬಲ್ಲನೆ?

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿರಬಹುದು. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುವುದು ಆ ಊರಿನ ನೇಕಾರರ ವಿಶೇಷ ಕೌಶಲ. ಕೂಡಿಸಿದೆಡೆಯಲ್ಲಿ ಒಂದು ಗೆರೆ ಉಳಿಯುತ್ತದೆ. ಇದನ್ನರಿಯದ ದೂರದೂರಿನ ಗ್ರಾಹಕಳಿಗೆ ಅದು ದೋಷವಾಗಿ ಕಂಡು, ಸೀರೆ ಮರಳಿ ಬರಬಹುದು. ವ್ಯಾಪಾರಿಯು ಸೀರೆಯ ಹಿಂಬದಿಯ ಚಿತ್ರವನ್ನೂ ಹಾಕಿ, ಇಲ್ಲಿ ಗೆರೆಯಿದೆ, ಇದು ಕೊಂಡಿಯ ಗುರುತು ಎಂದು ಮೊದಲೇ ಬರೆದಿದ್ದರೆ, ದೋಷವೆನಿಸಿದ್ದೇ ನೇಕಾರನ ಕೈಕೆಲಸಕ್ಕೆ ಸಾಕ್ಷಿಯಾಗುತ್ತಿತ್ತು. ಮರಳಿ ಬಂದ ಸೀರೆಯ ಸಾಗಣೆ ವೆಚ್ಚ ದೊಡ್ಡ ಕಂಪೆನಿಗೆ ಲೆಕ್ಕಕ್ಕಿಲ್ಲ. ತಿಂಗಳಿಗೆ ಹತ್ತು ಸೀರೆ ಮಾರುವವನ ಲಾಭವನ್ನು ಅದು ನುಂಗಿಬಿಡುತ್ತದೆ.

ಆದರೆ ಇಷ್ಟರಿಂದಲೇ ದಿಟಕ್ಕೆ ಗೆಲುವೆನ್ನುವುದು ಅವಸರದ ಮಾತಾದೀತು. ಕೃತಕ ರೇಷ್ಮೆಯ ಸೆರಗೂ ಶುದ್ಧ ರೇಷ್ಮೆಯ ಸೆರಗೂ ಚಿತ್ರದಲ್ಲಿ ಒಂದೇ ಬಗೆಯಾಗಿ ಹೊಳೆಯುತ್ತವೆ. ಕೃತಕವನ್ನು ಶುದ್ಧವೆಂದು ಕೂಗಿ ಅಗ್ಗಕ್ಕೆ ಮಾರುವವನ ಪಕ್ಕದಲ್ಲಿ ನಿಜ ಹೇಳುವವನು ದುಬಾರಿಯವನಾಗಿ ತೋರುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ, ಬಳಸಿದ ಮೋಟಾರು ಕಾರುಗಳ ಮಾರಾಟವನ್ನು ಮುಂದಿಟ್ಟುಕೊಂಡು, ಈ ಸಂಕಟವನ್ನು ವಿವರಿಸಿದರು. ಗುಣವನ್ನು ಅರಿಯಲಾರದ ಗ್ರಾಹಕನು ಎಲ್ಲ ಸರಕಿಗೂ ನಡುಮಟ್ಟದ ಬೆಲೆಯನ್ನೇ ಕೊಡಲು ಒಪ್ಪುತ್ತಾನೆ. ಆ ಬೆಲೆ ಒಳ್ಳೆಯ ಸರಕು ತಂದವನಿಗೆ ಗಿಟ್ಟದು. ಅವನು ಪೇಟೆಯನ್ನೇ ಬಿಟ್ಟು ಹೋಗುತ್ತಾನೆ. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಸಂಕಟಕ್ಕೆ ಅವರು ಸೂಚಿಸಿದ ಪರಿಹಾರಗಳಲ್ಲಿ ಖಾತರಿಯೂ ಒಂದು. ಹಿಡಿಸದಿದ್ದರೆ ಹಣ ವಾಪಸು ಎಂಬ ಮಾತನ್ನು ಕಳಪೆ ಸರಕಿನವನು ಕೊಡಲಾರನು. ಕೊಟ್ಟು ನಡೆಸಿದರೆ ದಿವಾಳಿಯಾಗುತ್ತಾನೆ.

ಇನ್ನು ಕಾನೂನು. ಸರಕು ರಾಶಿಯಾಗಿ ಬಿದ್ದಿದ್ದರೂ ‘ಎರಡೇ ಉಳಿದಿವೆ, ಈಗಲೇ ಕೊಳ್ಳಿ’ ಎಂದು ಅವಸರಪಡಿಸುವುದನ್ನು ಭಾರತದಲ್ಲಿ 2023ರ ಮಾರ್ಗಸೂಚಿ ನಿಷೇಧಿಸಿದೆ. ನಿಷೇಧದಿಂದಲೇ ಕೂಗು ಅಡಗಿತೆಂದು ಯಾರೂ ಭಾವಿಸಲಾರರು.

ಮಿತವಾಗಿ ನುಡಿಯುವ ವ್ಯಾಪಾರಿಗೆ ಮುಖ್ಯವಾಗಿ ಬೇಕಾದುದು ಕಾಲ. ಅಬ್ಬರದವನ ಗ್ರಾಹಕರು ಈ ವಾರವೇ ಬರುತ್ತಾರೆ. ಇವನ ಗ್ರಾಹಕರಾದರೋ ಮೊದಲ ಸೀರೆಯನ್ನು ನಾಲ್ಕು ಸಲ ಒಗೆದು ನೋಡಿ, ಮುಂದಿನ ಮದುವೆಯ ಹೊತ್ತಿಗೆ ಮರಳುತ್ತಾರೆ, ನೆರೆಯವರಿಗೂ ಹೇಳುತ್ತಾರೆ. ಅಲ್ಲಿಯವರೆಗೆ ನೇಕಾರನ ಕೂಲಿಯನ್ನು ತನ್ನ ಕೈಯಿಂದ ಕೊಡುವ ಶಕ್ತಿಯಿಲ್ಲದವನು ಪ್ರಾಮಾಣಿಕನಾಗಿದ್ದೂ ಸೋಲಬಹುದು. ಬಾಳಿನಲ್ಲಿ ಒಮ್ಮೆ ಮಾತ್ರ ಕೊಳ್ಳುವ ಸರಕಿಗಂತೂ ಈ ಮಾರ್ಗ ಇನ್ನೂ ಕಠಿಣ. ದಿಟ ಹೇಳುವುದೆಂದರೆ ಸುಮ್ಮನಿರುವುದೆಂದು ತಿಳಿದವರೂ ಉಂಟು. ಅದು ತಪ್ಪು ತಿಳಿವಳಿಕೆ. ಒಡಲಿನ ನೂಲು ಯಾವುದು, ಸೆರಗಿನದು ಯಾವುದು, ಉದ್ದವೆಷ್ಟು, ಚಿತ್ರ ತೆಗೆದದ್ದು ಹಗಲಿನ ಬೆಳಕಿನಲ್ಲಿಯೋ ದೀಪದಲ್ಲಿಯೋ, ಮೊದಲ ಒಗೆತದಲ್ಲಿ ಬಣ್ಣ ಎಷ್ಟು ಬಿಟ್ಟೀತು, ಇಷ್ಟನ್ನೂ ಅವನು ಒಂದೊಂದು ಸೀರೆಗೂ ಕುಳಿತು ಬರೆಯಬೇಕಾಗುತ್ತದೆ.