ರಕ್ತ ತೊಳೆದದ್ದು ಸರಿ, ಹೊಟ್ಟೆಯ ಪಾಡೇನು?

ಕಾರ್ಕಳ, ಕಾಪು ಕಡೆಯಿಂದ ಉಡುಪಿ, ಮಣಿಪಾಲಕ್ಕೆ ಬರುವ ಬೆಳಗಿನ ಬಸ್ಸುಗಳಲ್ಲಿ ಕಚೇರಿ, ಕಾಲೇಜಿನವರ ನಡುವೆ ಇನ್ನೊಂದು ತರದ ಪ್ರಯಾಣಿಕರೂ ಇರುತ್ತಾರೆ. ಕೈಯಲ್ಲಿ ಫೈಲು, ಮುಖದಲ್ಲಿ ಸುಸ್ತು. ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಮೇಲೆ ಬದುಕುವವರು ಇವರು. ವಾರಕ್ಕೆ ಎರಡು-ಮೂರು ಸಲ, ಒಂದೊಂದು ಸಲಕ್ಕೂ ಸುಮಾರು 4 ಗಂಟೆ ಮಲಗಬೇಕು.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದಂದಿನಿಂದ ಮಣಿಪಾಲ ಊರಿಗೆಲ್ಲ ಆಸ್ಪತ್ರೆಯ ದಾರಿ. 2016ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿ, ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಎಂದಿತು. ಬಹಳ ಒಳ್ಳೆಯದು. ಆದರೆ ಯಂತ್ರ ತೊಳೆಯುವುದು ರಕ್ತವನ್ನು, ಹೊಟ್ಟೆಯನ್ನಲ್ಲ.

"ಹಸಿವೇ ಇಲ್ಲ ಮಾರಾಯ್ರೇ, ಬಾಯಿ ಕಬ್ಬಿಣ ನೆಕ್ಕಿದ ಹಾಗೆ" ಎಂಬುದು ಇವರ ನಿತ್ಯದ ಮಾತು. ವಾಕರಿಕೆ, ಹೊಟ್ಟೆ ಉಬ್ಬರ, ನಾಲ್ಕು ದಿನಕ್ಕೊಮ್ಮೆ ಕಕ್ಕಸು. ಕಾರಣವೂ ಸ್ಪಷ್ಟ. ನೀರು ಅಳತೆಯಲ್ಲಿ ಕುಡಿಯಬೇಕು. ಪೊಟ್ಯಾಸಿಯಂ ಏರುತ್ತದೆಂದು ಹಣ್ಣು, ತರಕಾರಿಗೂ ಮಿತಿ. ರಂಜಕ ತಡೆಯುವ ಮಾತ್ರೆ, ಕಬ್ಬಿಣದ ಮಾತ್ರೆ ಹೊಟ್ಟೆಯನ್ನು ಇನ್ನಷ್ಟು ಕಟ್ಟಿಸುತ್ತವೆ. ಹಳೆಯ ಸಕ್ಕರೆ ಕಾಯಿಲೆಯಿದ್ದರೆ ಜಠರವೇ ನಿಧಾನ.

ಮಲಬದ್ಧತೆ ಎಂದರೆ ಸಣ್ಣ ವಿಷಯವೆಂದು ನಗುವವರಿದ್ದಾರೆ. ಮೂತ್ರಪಿಂಡ ನಿಂತವರಲ್ಲಿ ಪೊಟ್ಯಾಸಿಯಂನ ಒಂದಷ್ಟು ಪಾಲು ಮಲದ ಮೂಲಕವೇ ಹೊರಗೆ ಹೋಗಬೇಕು. ಆ ದಾರಿಯೂ ಮುಚ್ಚಿದರೆ ಹೃದಯದ ಬಡಿತಕ್ಕೇ ಪೆಟ್ಟು. ಆದರೂ ನಾಚಿಕೆಯಿಂದ ರೋಗಿ ಹೇಳುವುದಿಲ್ಲ, ಗಡಿಬಿಡಿಯಲ್ಲಿ ಡಾಕ್ಟರರು ಕೇಳುವುದಿಲ್ಲ.

ಆಮೇಲೆ ಶುರುವಾಗುತ್ತದೆ ನೆರೆಹೊರೆಯವರ ವೈದ್ಯ. "ಹೊಟ್ಟೆ ತಂಪಾಗಲಿ, ಒಂದು ಬೊಂಡ ಕುಡಿಯಿರಿ" ಎನ್ನುತ್ತಾರೆ. ಬೊಂಡದ ತುಂಬ ಪೊಟ್ಯಾಸಿಯಂ! ಹಿತ್ತಿಲಿನ ಧಾರೆಹುಳಿ ಅದಕ್ಕಿಂತ ಅಪಾಯ. ಅದರ ವಿಷಾಂಶ ಹೊರಹಾಕಲಾಗದ ಡಯಾಲಿಸಿಸ್ ರೋಗಿಗೆ ನಿಲ್ಲದ ಬಿಕ್ಕಳಿಕೆ, ವಾಂತಿ, ಬುದ್ಧಿಭ್ರಮಣೆ ಬಂದು ಪ್ರಾಣ ಹೋದದ್ದೂ ಉಂಟು. ಗ್ಯಾಸಿಗೆಂದು ಕುಡಿಯುವ ಸೋಡಾಪುಡಿಯಲ್ಲಿ ಸೋಡಿಯಂ, ಕೆಲವು ಆಂಟಾಸಿಡ್‌ಗಳಲ್ಲಿ ಅಲ್ಯುಮಿನಿಯಂ, ಮೆಗ್ನೀಸಿಯಂ. ಮೈಕೈ ನೋವಿನ ಮಾತ್ರೆ ಜಠರದಲ್ಲಿ ಹುಣ್ಣು ಮಾಡೀತು. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಆ ಹುಣ್ಣಿನಿಂದ ರಕ್ತ ಸುರಿಸೀತು. ಮಲ ಡಾಮರಿನಂತೆ ಕಪ್ಪಾದರೆ "ಕಬ್ಬಿಣದ ಮಾತ್ರೆಯದ್ದು" ಎಂದು ಸುಮ್ಮನಿರದೆ ಡಾಕ್ಟರರಿಗೆ ಹೇಳಲೇಬೇಕು.

ಪಥ್ಯದ ಗೊಂದಲ ಬೇರೆ. ಡಯಾಲಿಸಿಸ್‌ಗೆ ಮೊದಲು ಹೇಳಿದ "ಪ್ರೋಟೀನ್ ಕಡಿಮೆ" ಎಂಬ ಮಾತನ್ನೇ ಹಿಡಿದುಕೊಂಡು ಮನೆಯವರು ಬರೀ ಗಂಜಿ, ಉಪ್ಪಿನಕಾಯಿ ಬಡಿಸುತ್ತಾರೆ. ಗಂಜಿಯ ತಿಳಿ ನೀರಿನ ಲೆಕ್ಕಕ್ಕೆ ಸೇರುತ್ತದೆ, ಉಪ್ಪಿನಕಾಯಿ ಬಾಯಾರಿಕೆ ಹೆಚ್ಚಿಸುತ್ತದೆ. ನಿಜವಾಗಿ ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಹೆಚ್ಚೇ ಬೇಕು. ಯಂತ್ರದ ಮೂಲಕ ಅದರ ಅಂಶ ನಷ್ಟವಾಗುತ್ತದೆ. ಮೊಟ್ಟೆಯ ಬಿಳಿ, ತಾಜಾ ಮೀನು ಎಷ್ಟು, ಸಸ್ಯಾಹಾರಿಗಳಿಗೆ ಬೇಳೆ ಎಷ್ಟು ಎಂದು ತೂಗಿ ಹೇಳುವವರು ಬೇಕು.

"ಪುಕ್ಕಟೆ ಯಂತ್ರ ಕೊಟ್ಟದ್ದೇ ದೊಡ್ಡದು, ಹೊಟ್ಟೆಯನ್ನೂ ಸರಕಾರವೇ ನೋಡಬೇಕಾ?" ಎಂದು ಕೇಳುವವರಿಗೆ ಉತ್ತರ ಇಷ್ಟೆ: ತಿನ್ನಲಾಗದವನು ಕೃಶನಾಗುತ್ತಾನೆ, ಕೃಶನಾದವನನ್ನು ಯಂತ್ರ ಉಳಿಸುವುದಿಲ್ಲ. ಹಾಗಾದರೆ ಖರ್ಚು ಮಾಡಿ ಏನು ಲಾಭ?

ಆಗಬೇಕಾದ್ದು ಕೋಟಿ ರೂಪಾಯಿಯ ಕೆಲಸವಲ್ಲ. ಪ್ರತಿ ಡಯಾಲಿಸಿಸ್ ಘಟಕದಲ್ಲೂ ತೂಕ, ಬಿ.ಪಿ. ಬರೆಯುವಾಗಲೇ "ಊಟ ಸೇರುತ್ತದಾ? ಹೊಟ್ಟೆ ಸರಿ ಹೋಗುತ್ತದಾ?" ಎಂದು ಕೇಳಿ ಬರೆದಿಡಲಿ. ಕನ್ನಡ, ತುಳುವಿನಲ್ಲಿ ಪಥ್ಯ ತಿಳಿಸುವವರು ವಾರಕ್ಕೊಂದು ದಿನವಾದರೂ ಕುಳಿತುಕೊಳ್ಳಲಿ. ಮೆಡಿಕಲ್ ಅಂಗಡಿಯವರು ಗ್ಯಾಸಿನ ಮಾತ್ರೆ, ನೋವಿನ ಮಾತ್ರೆ ಕೊಡುವ ಮೊದಲು "ಡಯಾಲಿಸಿಸ್ ಉಂಟಾ?" ಎಂದು ಒಂದು ಮಾತು ವಿಚಾರಿಸಲಿ. ಭೇದಿ ಮಾತ್ರೆ ತೆಗೆದುಕೊಂಡರೆ ದಾರಿಯಲ್ಲಿ ಎಲ್ಲಿಗೆ ಓಡುವುದೆಂಬ ಹೆದರಿಕೆಯಿಂದಲೇ ಔಷಧ ಬಿಡುವವರಿದ್ದಾರೆ; ಬಸ್ ನಿಲ್ದಾಣಗಳ ಶೌಚಾಲಯಕ್ಕೆ ಬೀಗ ಬೀಳದಂತೆ ಸ್ಥಳೀಯ ಆಡಳಿತದವರು ನೋಡಿಕೊಳ್ಳಲಿ. ಮುಂದಿನ ಸೀಟಿನ ಪ್ರಯಾಣಿಕರು ಒಂದಿಷ್ಟು ಸರಿದು ಕುಳಿತರೆ, ಅದೂ ಔಷಧವೇ.