ಮನೆಯ ಕಂಪ್ಯೂಟರೂ ಮನೆಯ ಹೆಣ್ಣುಮಕ್ಕಳೂ

ಮಿತವಾದ ಆದಾಯವುಳ್ಳ ಕುಟುಂಬವೊಂದು ಮನೆಗೆ ಕಂಪ್ಯೂಟರು ತರಬೇಕೆಂದು ನಿಶ್ಚಯಿಸಿದಾಗ, ಯಾವದನ್ನು ಕೊಳ್ಳಬೇಕು, ಎಷ್ಟು ಹಣವನ್ನು ವ್ಯಯಮಾಡಬೇಕು, ಯಾರ ಮಾತನ್ನು ನಂಬಬೇಕು ಎಂಬ ಪ್ರಶ್ನೆಗಳು ಏಳುವದು ಸಹಜವೇ. ನಮ್ಮ ಶಾಲೆಯ ಹುಡುಗಿಯರ ತಂದೆತಾಯಿಗಳು ಇವನ್ನು ನಮ್ಮೊಡನೆಯೂ ಕೇಳುವದುಂಟು. ಈಗ ತಾವೇ ಸಂಸಾರ ನಡಿಸುತ್ತಿರುವ ಹಿಂದಿನ ವಿದ್ಯಾರ್ಥಿನಿಯರೂ ಕೇಳುವದುಂಟು. ಆದಕಾರಣ ನಮ್ಮ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯ ಮೂಲಕ ಎಲ್ಲರ ಮುಂದೆಯೂ ಇಡಲಿಚ್ಛಿಸುತ್ತೇವೆ. ಬಿಡಿಭಾಗಗಳನ್ನು ವಿಚಾರಮಾಡಿ ಆರಿಸಿ ಜೋಡಿಸಿದ ಯಂತ್ರವೇ ಇಂಥ ಕುಟುಂಬಕ್ಕೆ ಹಿತವಾದದ್ದು. ಆ ಆರಿಸುವ ಕೆಲಸದಲ್ಲಿ ಮನೆಯ ಮಗಳಿಗೆ ಮೊದಲನೆಯ ಸ್ಥಾನವು ಸಲ್ಲತಕ್ಕದ್ದು. ನಾವು ಹೇಳಬೇಕಾದದ್ದು ಇಷ್ಟೇ.

ಮಗಳ ಮಾತನ್ನು ಇಲ್ಲಿ ಯಾಕೆ ಎತ್ತುತ್ತೇವೆಂದರೆ, ೨೦೨೦ನೆಯ ಇಸವಿಯ ಮಾರ್ಚಿಯಲ್ಲಿ ಶಾಲೆಗಳ ಬಾಗಿಲು ಮುಚ್ಚಿದ ಮೇಲೆ ಪಾಠವೆಲ್ಲ ಫೋನಿನೊಳಗೆ ಸೇರಿಕೊಂಡಾಗ ನಡೆದದ್ದು ನಮ್ಮೆಲ್ಲರ ನೆನಪಿನಲ್ಲಿಯೂ ಇದೆ. ಅನೇಕ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಅದು ಹಗಲೆಲ್ಲಾ ತಂದೆಯ ಸಂಗಡ ಕೆಲಸಕ್ಕೆ ಹೋಗುತ್ತಿತ್ತು. ಸಾಯಂಕಾಲ ಬಂದ ಮೇಲೆ ಮೊದಲು ಮಗನ ಕೈಗೆ ಹೋಗುತ್ತಿತ್ತು. ಮಗಳ ಸರದಿ ಬರುವಷ್ಟರಲ್ಲಿ ರಾತ್ರಿಯ ಅಡಿಗೆಯ ಹೊತ್ತಾಗಿರುತ್ತಿತ್ತು. ಇದು ನಮ್ಮ ಊರೊಂದರ ಮಾತಲ್ಲ. ೨೦೧೯ರಿಂದ ೨೦೨೧ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಎಂದಾದರೊಮ್ಮೆ ಇಂಟರ್ನೆಟ್ಟನ್ನು ಉಪಯೋಗಿಸಿದ ಗಂಡಸರು ನಮ್ಮ ದೇಶದಲ್ಲಿ ನೂರಕ್ಕೆ ೫೭.೧ ಇದ್ದರೆ, ಹೆಂಗಸರು ೩೩.೩ ಮಾತ್ರ. ಯಂತ್ರವು ಮನೆಗೆ ಬಂದ ಮಾತ್ರಕ್ಕೆ ಅದು ಮನೆಯವರೆಲ್ಲರದೂ ಆಗುವದಿಲ್ಲ. ಅದನ್ನು ಆರಿಸಿದವರು ಯಾರು, ಅದರ ಒಳಗನ್ನು ಬಲ್ಲವರು ಯಾರು ಎಂಬದರ ಮೇಲೆ ಅದರ ಒಡೆತನವು ನಿಲ್ಲುತ್ತದೆ.

ಫೋನು ನೋಡುವದಕ್ಕೂ ಕೇಳುವದಕ್ಕೂ ಸಾಕಾದೀತು. ನಾಲ್ಕು ಪುಟ ಬರೆಯುವದಕ್ಕೂ ಲೆಕ್ಕದ ಪಟ್ಟಿ ಮಾಡುವದಕ್ಕೂ ಸಾಲದು. ಹಾಗಾದರೆ ಸಿದ್ಧವಾದ ಲ್ಯಾಪ್‌ಟಾಪನ್ನೇ ಕೊಳ್ಳಬಾರದೇ ಎಂದು ಕೆಲವರು ಕೇಳಬಹುದು. ಹಾಸ್ಟೆಲಿಗೆ ಹೋಗುವ ಹುಡುಗಿಗೆ ಅದೇ ಯೋಗ್ಯವೆಂದು ನಾವೂ ಒಪ್ಪುತ್ತೇವೆ. ಆದರೆ ಒಂದೇ ಮನೆಯಲ್ಲಿ ನಾಲ್ವರೋ ಐವರೋ ಉಪಯೋಗಿಸತಕ್ಕ ಯಂತ್ರಕ್ಕೆ ಬಿಡಿಭಾಗಗಳದ್ದೇ ಮೇಲು. ಯಾಕಂದರೆ ಇದರಲ್ಲಿ ಒಂದು ಭಾಗವು ಕೆಟ್ಟರೆ ಆ ಒಂದನ್ನೇ ಬದಲಾಯಿಸಬಹುದು; ಐದು ವರುಷಗಳಾದ ಮೇಲೆ ಕೆಲಸವು ಹೆಚ್ಚಿದರೆ ಒಂದು ಭಾಗವನ್ನು ಮಾತ್ರ ಹೆಚ್ಚಿಸಿಕೊಳ್ಳಬಹುದು. ಇದಲ್ಲದೆ, ಅದು ಹಜಾರದ ಮೇಜಿನ ಮೇಲೆಯೇ ನಿಂತಿರುವದರಿಂದ ಯಾರೊಬ್ಬರೂ ತಮ್ಮ ಕೋಣೆಗೆ ಕೊಂಡುಹೋಗಿ ಬಾಗಿಲು ಹಾಕಿಕೊಳ್ಳಲಾರರು.

ಪೇಟೆಗೆ ಹೋಗುವದಕ್ಕೆ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ತಿಂಗಳ ದಿನಸಿಗೆ ಚೀಟಿ ಬರೆಯುವಂತೆ, ಕಂಪ್ಯೂಟರಿನಿಂದ ಮನೆಗೆ ಆಗಬೇಕಾದ ಕೆಲಸಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಮಕ್ಕಳ ಪಾಠ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರವಣಿಗೆ, ಮನೆಯ ಲೆಕ್ಕ, ಸರಕಾರಕ್ಕೂ ಕಾಲೇಜುಗಳಿಗೂ ಅರ್ಜಿ, ದೂರದ ನೆಂಟರೊಡನೆ ಮುಖ ನೋಡಿ ಮಾತು, ವಾರಕ್ಕೊಮ್ಮೆ ಒಂದು ಚಲನಚಿತ್ರ: ಬಹು ಮನೆಗಳ ಪಟ್ಟಿ ಇಷ್ಟರಲ್ಲಿ ಮುಗಿಯುತ್ತದೆ. ಇವುಗಳಲ್ಲಿ ಒಂದಕ್ಕಾದರೂ ಗ್ರಾಫಿಕ್ಸ್ ಕಾರ್ಡ್ ಎಂಬ ದುಬಾರಿ ಭಾಗವು ಬೇಕಾಗಿಲ್ಲ. ಅದು ಬೇಕಾಗುವದು ಹೆಚ್ಚಾಗಿ ಭಾರಿ ಆಟಗಳಿಗೂ ಚಲನಚಿತ್ರ ತಯಾರಿಸುವವರ ಕೆಲಸಕ್ಕೂ. ಮುಂದೆ ಬೇಕೆನಿಸಿದರೆ ಮದರ್‌ಬೋರ್ಡಿನಲ್ಲಿ ಅದಕ್ಕೆ ಸ್ಥಳವಿದ್ದೇ ಇರುವದು. ಇಂದೇ ಕೊಳ್ಳಬೇಕಾದ ಅವಶ್ಯವಿಲ್ಲ.

ಆದರೆ ಈ ಕಾರ್ಡನ್ನು ಬಿಡಬೇಕಾದರೆ ಪ್ರೊಸೆಸರಿನ ಒಳಗೇ ಚಿತ್ರವನ್ನು ತೋರಿಸುವ ಶಕ್ತಿಯಿರಬೇಕು. ಇಲ್ಲಿ ಹೆಸರಿನ ಕೊನೆಯ ಅಕ್ಷರವೊಂದನ್ನು ಗಮನಿಸದೆ ಹೋದರೆ ದೊಡ್ಡ ನಷ್ಟವಾಗುವದು. ಎ.ಎಂ.ಡಿ. ಕಂಪನಿಯವರ ರೈಜೆನ್ ೫ ೫೬೦೦ಜಿ ಎಂಬ ಪ್ರೊಸೆಸರಿನಲ್ಲಿ ಆ ಶಕ್ತಿಯುಂಟು. ಅದೇ ಮನೆತನದ ರೈಜೆನ್ ೫ ೫೫೦೦ ಎಂಬದರಲ್ಲಿ ಇಲ್ಲ. ಇಂಟೆಲ್ ಕಂಪನಿಯವರ ಐ೩ ೧೨೧೦೦ರಲ್ಲಿ ಉಂಟು. ಐ೩ ೧೨೧೦೦ಎಫ್ ಎಂಬದರಲ್ಲಿ ಇಲ್ಲ. ಇಲ್ಲದಿರುವದು ಸಾಮಾನ್ಯವಾಗಿ ಕೊಂಚ ಅಗ್ಗವಾಗಿರುವದರಿಂದ ಮನಸ್ಸು ಅತ್ತ ವಾಲುತ್ತದೆ. ಮನೆಗೆ ತಂದು ಜೋಡಿಸಿದ ಮೇಲೆ ಮಾನಿಟರು ಕಪ್ಪಾಗಿಯೇ ಉಳಿಯುತ್ತದೆ. ಮೇಲೆ ಹೇಳಿದ ೫೬೦೦ಜಿ ೨೦೨೧ರಲ್ಲಿಯೂ ೧೨೧೦೦ ೨೦೨೨ರಲ್ಲಿಯೂ ಪೇಟೆಗೆ ಬಂದವು. ಅವುಗಳಿಗಿಂತ ಹೊಸವು ಬಂದಿದ್ದರೂ ನಮ್ಮ ಪಟ್ಟಿಯ ಕೆಲಸಗಳಿಗೆ ಇವು ಧಾರಾಳವಾಗಿ ಸಾಕು.

ಪ್ರೊಸೆಸರನ್ನು ಆರಿಸಿದ ಮೇಲೆ ಅದಕ್ಕೆ ಒಪ್ಪುವ ಮದರ್‌ಬೋರ್ಡನ್ನು ನೋಡತಕ್ಕದ್ದು. ಬೀಗಕ್ಕೆ ಬೀಗದ ಕೈ ಹೇಗೋ ಹಾಗೆ ಪ್ರೊಸೆಸರಿಗೆ ಸಾಕೆಟ್ಟು. ೫೬೦೦ಜಿಗೆ ಎ.ಎಂ. ೪ ಸಾಕೆಟ್ಟು ಬೇಕು, ೧೨೧೦೦ಕ್ಕೆ ಎಲ್.ಜಿ.ಎ. ೧೭೦೦ ಬೇಕು. ಒಂದರದು ಮತ್ತೊಂದಕ್ಕೆ ಕೂಡುವದಿಲ್ಲ. ಹಾಗೆಯೇ ರ‍್ಯಾಮಿನಲ್ಲಿ ಡಿ.ಡಿ.ಆರ್. ೪, ಡಿ.ಡಿ.ಆರ್. ೫ ಎಂದು ಎರಡು ತರದವು ಈಗ ದೊರೆಯುತ್ತವೆ. ಅವುಗಳ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುವದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂಡಲಾರದು. ರ‍್ಯಾಮು ೧೬ ಜಿ.ಬಿ. ಇದ್ದರೆ ಉತ್ತಮ, ಅದನ್ನು ಒಂದೇ ಪಟ್ಟಿಯಾಗಿ ತರದೆ ೮ರ ಎರಡು ಪಟ್ಟಿಗಳಾಗಿ ತಂದರೆ, ಪ್ರೊಸೆಸರಿನೊಳಗಿನ ಚಿತ್ರಶಕ್ತಿಯು ರ‍್ಯಾಮನ್ನೇ ಹಂಚಿಕೊಂಡು ಕೆಲಸಮಾಡುವದರಿಂದ, ವೇಗವು ಹೆಚ್ಚುವದು. ಆದರೆ ೨೦೨೫ರ ಕಡೇ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆಯು ಲೋಕದ ಎಲ್ಲಾ ಕಡೆಗಳಲ್ಲಿಯೂ ಬಹಳವಾಗಿ ಏರಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟಲ್ಪಡುವ ಮಹಾಕೇಂದ್ರಗಳು ಅದನ್ನು ರಾಶಿರಾಶಿಯಾಗಿ ಕೊಳ್ಳುವದೇ ಇದಕ್ಕೆ ಮುಖ್ಯ ಕಾರಣ. ಕೈಯಲ್ಲಿರುವ ಹಣವು ಸಾಲದಿದ್ದರೆ ಇಂದು ೮ ಜಿ.ಬಿ. ಹಾಕಿಸಿ, ಎರಡನೆಯ ಜಾಗವನ್ನು ಖಾಲಿಯಾಗಿಡಬಹುದು.

ಕಡತಗಳನ್ನು ಇಟ್ಟುಕೊಳ್ಳುವದಕ್ಕೆ ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕಿಗಿಂತ ಎಸ್.ಎಸ್.ಡಿ. ಎಂಬದೇ ಮೇಲು. ಅತಿ ಸಾಧಾರಣವಾದ ಸಾಟಾ ಎಸ್.ಎಸ್.ಡಿ.ಯೂ ಕ್ಷಣಕ್ಕೆ ಸುಮಾರು ೫೦೦ ಮೆಗಾಬೈಟು ಓದಬಲ್ಲದು; ಹಾರ್ಡ್ ಡಿಸ್ಕು ೨೦೦ನ್ನು ಮುಟ್ಟುವದೂ ಕಷ್ಟ. ಯಂತ್ರವು ಬೇಗನೆ ಎಚ್ಚರಗೊಳ್ಳುವದೂ ತೆವಳುವದೂ ಹೆಚ್ಚಾಗಿ ಈ ಒಂದು ಭಾಗದಿಂದಲೇ. ಅರ್ಧ ಗಂಟೆ ಮಾತ್ರ ಬಿಡುವುಳ್ಳ ತಾಯಿಗೆ ಆ ಅರ್ಧ ಗಂಟೆಯಲ್ಲಿ ಐದು ನಿಮಿಷ ಯಂತ್ರವನ್ನು ಕಾಯುವದರಲ್ಲಿಯೇ ಕಳೆಯಬಾರದಷ್ಟೆ. ೫೦೦ ಜಿ.ಬಿ.ಯ ಆಸುಪಾಸಿನದು ಒಂದು ಸಂಸಾರಕ್ಕೆ ಸಾಕು.

ನಾವು ಅತ್ಯಂತ ಒತ್ತಿ ಹೇಳಲಿಚ್ಛಿಸುವದು ಯಾರೂ ಕಣ್ಣೆತ್ತಿ ನೋಡದ ಭಾಗವನ್ನು ಕುರಿತು. ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫, ೩.೩ ವೋಲ್ಟುಗಳಿಗೆ ಇಳಿಸಿ ಮಿಕ್ಕ ಭಾಗಗಳಿಗೆ ಹಂಚುವ ಪೆಟ್ಟಿಗೆಯನ್ನು ಪೇಟೆಯಲ್ಲಿ ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಅಗ್ಗದ ಕ್ಯಾಬಿನೆಟ್ಟುಗಳೊಡನೆ ಇದು ಉಚಿತವೆಂಬಂತೆ ಬರುವದುಂಟು, ಅಂಥದನ್ನು ನಂಬಲಾಗದು. ಇದು ಕೆಟ್ಟರೆ ತಾನೊಂದೇ ಕೆಡದೆ ಮದರ್‌ಬೋರ್ಡನ್ನೂ ಎಸ್.ಎಸ್.ಡಿ.ಯನ್ನೂ ಕೂಡ ಕೆಡಿಸಬಹುದು. ನಾವು ಹೇಳಿದಂಥ ಯಂತ್ರವು ಸಾಧಾರಣವಾಗಿ ೧೫೦ ವ್ಯಾಟಿಗಿಂತ ಹೆಚ್ಚನ್ನು ಕೇಳುವದಿಲ್ಲವಾದ್ದರಿಂದ ೪೫೦ ವ್ಯಾಟಿನದು ಸಾಕು. ಆದರೆ ಅದು ಹೆಸರುಳ್ಳ ತಯಾರಕರದೂ ೮೦ ಪ್ಲಸ್ ಎಂಬ ಗುರುತುಳ್ಳದ್ದೂ ಆಗಿರಲಿ. ಮನೆಯ ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥ್ ಸರಿಯಾಗಿದೆಯೋ ಎಂದು ವಿದ್ಯುತ್ ಕೆಲಸದವನಿಂದ ನೋಡಿಸಿರಿ. ಕರೆಂಟು ಪದೇ ಪದೇ ಹೋಗುವ ಊರಾದರೆ ಒಂದು ಸಣ್ಣ ಯು.ಪಿ.ಎಸ್. ಸಹ ಬೇಕು, ಅದು ಕೆಲವೇ ನಿಮಿಷ ನಡಿಸಿದರೂ ಬರೆದದ್ದನ್ನು ಉಳಿಸಿಕೊಂಡು ಯಂತ್ರವನ್ನು ಕ್ರಮವಾಗಿ ಆರಿಸುವದಕ್ಕೆ ಆ ಹೊತ್ತು ಸಾಕು.

ಕ್ಯಾಬಿನೆಟ್ಟು ಗಾಳಿಯಾಡುವಂಥದಾದರೆ ಸಾಕು. ಬಣ್ಣಬಣ್ಣದ ದೀಪಗಳೂ ಗಾಜಿನ ಬಾಗಿಲೂ ಪಾಠವನ್ನು ಕಲಿಸುವದಿಲ್ಲ. ಆ ಹಣವನ್ನು ಮಾನಿಟರಿಗೆ ಕೊಡಿರಿ. ೨೨ರಿಂದ ೨೪ ಅಂಗುಲದ, ೧೯೨೦ಕ್ಕೆ ೧೦೮೦ ಚುಕ್ಕೆಗಳುಳ್ಳ ಐ.ಪಿ.ಎಸ್. ತೆರೆಯು ಪಕ್ಕದಿಂದ ನೋಡುವವರಿಗೂ ಬಣ್ಣಗೆಡದೆ ಕಾಣಿಸುತ್ತದೆ. ನಮ್ಮ ಕನ್ನಡದ ಒತ್ತಕ್ಷರಗಳು ಚಿಕ್ಕವಾದಕಾರಣ ತೆರೆಯು ಸ್ಫುಟವಾಗಿರದಿದ್ದರೆ ಮಕ್ಕಳ ಕಣ್ಣಿಗೆ ಆಯಾಸವಾಗುವದು. ಇನ್ನು ಮರೆತುಹೋಗುವ ಚಿಕ್ಕ ಸಾಮಾನುಗಳು ಕೆಲವಿವೆ: ಕೀಲಿಮಣೆ, ಮೌಸು, ಕ್ಯಾಮೆರಾ, ಮೈಕು. ಅಗ್ಗದ ಮದರ್‌ಬೋರ್ಡುಗಳಲ್ಲಿ ವೈಫೈ ಇರದಿರುವದೇ ಹೆಚ್ಚು. ಅದಕ್ಕಾಗಿ ಒಂದು ಚಿಕ್ಕ ಯು.ಎಸ್.ಬಿ. ಕಡ್ಡಿಯನ್ನು ಪಟ್ಟಿಯಲ್ಲಿ ಬರೆದುಕೊಳ್ಳಿರಿ.

ಹಣದ ಹಂಚಿಕೆಯನ್ನು ಕುರಿತು ಒಂದು ಮಾದರಿಯನ್ನು ಹೇಳುತ್ತೇವೆ. ನೂರು ರೂಪಾಯಿ ಇದ್ದರೆ ಪ್ರೊಸೆಸರಿಗೆ ಸುಮಾರು ೨೫, ಮದರ್‌ಬೋರ್ಡಿಗೆ ೧೫, ರ‍್ಯಾಮಿಗೂ ಎಸ್.ಎಸ್.ಡಿ.ಗೂ ಕೂಡಿ ೨೫, ಮಾನಿಟರಿಗೆ ೧೮, ಎಸ್.ಎಂ.ಪಿ.ಎಸ್.ಗೂ ಕ್ಯಾಬಿನೆಟ್ಟಿಗೂ ೧೨, ಚಿಕ್ಕ ಸಾಮಾನುಗಳಿಗೆ ೫. ಯು.ಪಿ.ಎಸ್. ಇದರ ಹೊರಗೆ. ರ‍್ಯಾಮಿನ ಬೆಲೆಯು ಏರಿದ ಕಾಲದಲ್ಲಿ ಅದರ ಪಾಲು ಬೆಳೆಯುವದು. ಆಗ ಪ್ರೊಸೆಸರಿನಲ್ಲಿ ಒಂದು ಮೆಟ್ಟಲು ಇಳಿಯಬಹುದೇ ಹೊರತು ಎಸ್.ಎಂ.ಪಿ.ಎಸ್.ನಲ್ಲಿ ಇಳಿಯತಕ್ಕದ್ದಲ್ಲ. ಹಣವು ತೀರ ಕಡಮೆಯಾದರೆ ಮಾನಿಟರು, ಕ್ಯಾಬಿನೆಟ್ಟು, ಪ್ರೊಸೆಸರು ಇವುಗಳನ್ನು ಪರೀಕ್ಷಿಸಿ ಹಳೆಯವನ್ನು ಕೊಳ್ಳಬಹುದು, ಎಸ್.ಎಂ.ಪಿ.ಎಸ್. ಮತ್ತು ಎಸ್.ಎಸ್.ಡಿ. ಮಾತ್ರ ಹೊಸವೇ ಆಗಿರಲಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಪೇಟೆಗೆ ಹೋದರೂ ಊರಿನ ಅಂಗಡಿಗೆ ಹೋದರೂ ಎರಡು ಮೂರು ಕಡೆ ಬೆಲೆ ಬರೆಯಿಸಿಕೊಂಡು, ರಸೀದಿಯನ್ನೂ ವಾರಂಟಿಯ ಕಾಗದವನ್ನೂ ಜೋಪಾನವಾಗಿಡಬೇಕು.

ಯಂತ್ರವನ್ನು ನಡಿಸುವ ತಂತ್ರಾಂಶದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ೨೦೨೫ನೆಯ ಅಕ್ಟೋಬರ್ ೧೪ರಿಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರ ಸಾಧಾರಣ ಆಧಾರವು ನಿಂತುಹೋಯಿತು. ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳಲ್ಲಿ ಹೆಚ್ಚು ಕಡಮೆ ಎಲ್ಲವೂ ವಿಂಡೋಸ್ ೧೧ಕ್ಕೆ ಒಪ್ಪತಕ್ಕವಲ್ಲ. ಹಳೆಯ ಪ್ರೊಸೆಸರನ್ನು ಕೊಳ್ಳುವವರು ಇದನ್ನು ಮರೆಯಬಾರದು. ವಿಂಡೋಸಿಗೆ ಬೆಲೆಯುಂಟು. ಅದನ್ನು ಕೊಡಲಾರದವರು ಕದ್ದ ಪ್ರತಿಯನ್ನು ಹಾಕಿಸಿಕೊಳ್ಳುವದು ಮಕ್ಕಳಿಗೆ ಒಳ್ಳೇ ಮಾದರಿಯಲ್ಲ, ಅಪಾಯಕರವೂ ಹೌದು. ಉಬುಂಟು, ಲಿನಕ್ಸ್ ಮಿಂಟ್ ಎಂಬವೂ ಬರವಣಿಗೆಗೂ ಲೆಕ್ಕಕ್ಕೂ ಬೇಕಾದ ಲಿಬ್ರೆ ಆಫೀಸೂ ಧರ್ಮಾರ್ಥವಾಗಿ ದೊರೆಯುತ್ತವೆ. ಇವುಗಳಲ್ಲಿ ಕನ್ನಡವನ್ನೂ ಚೆನ್ನಾಗಿ ಬರೆಯಬಹುದು.

ಇಷ್ಟನ್ನೂ ಓದಿ, "ಇದೆಲ್ಲ ಗಂಡುಹುಡುಗರ ಕೆಲಸ, ಅಣ್ಣನೇ ನೋಡಿಕೊಳ್ಳುವನು" ಎಂದು ಕೆಲವು ತಾಯಂದಿರಾದರೂ ಅನ್ನುವರೆಂದು ಬಲ್ಲೆವು. ಅಂಥವರಿಗೆ ಇತಿಹಾಸದ ಒಂದು ಸಂಗತಿಯನ್ನು ನೆನಪಿಗೆ ತರುತ್ತೇವೆ. ೧೯೪೬ನೆಯ ಇಸವಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಎನಿಯಾಕ್ ಎಂಬ ದೊಡ್ಡ ಎಲೆಕ್ಟ್ರಾನಿಕ್ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದಾಗ, ತಂತಿಗಳನ್ನು ಕೂಡಿಸಿ ಗುಂಡಿಗಳನ್ನು ತಿರುವಿ ಅದಕ್ಕೆ ಲೆಕ್ಕವನ್ನು ಕಲಿಸಿದವರು ಆರು ಮಂದಿ ತರುಣಿಯರು. ಯಂತ್ರಕ್ಕೆ ಕೀರ್ತಿ ಬಂತು. ಅವರ ಹೆಸರುಗಳನ್ನು ಹತ್ತಾರು ವರುಷ ಯಾರೂ ಎತ್ತಲಿಲ್ಲ. ಕೈಲಾಗದ್ದರಿಂದಲ್ಲ, ಗಣನೆಗೆ ಬಾರದ್ದರಿಂದಲೇ ಹೆಣ್ಣುಮಕ್ಕಳು ಈ ವಿದ್ಯೆಯಲ್ಲಿ ಹಿಂದೆ ಬಿದ್ದಂತೆ ತೋರುವದು. ಇದ್ದ ಹಣದಲ್ಲಿ ಬೇಕಾದದ್ದನ್ನು ಬೇಡವಾದದ್ದರಿಂದ ಬೇರ್ಪಡಿಸಿ, ಒಂದಕ್ಕೊಂದು ಹೊಂದುವದನ್ನು ನೋಡಿ ಕೊಳ್ಳುವ ವಿವೇಕವನ್ನು ನಮ್ಮ ಮನೆಗಳ ಹೆಂಗಸರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಿಡಿಭಾಗಗಳನ್ನು ಆರಿಸುವದಕ್ಕೂ ಬೇಕಾದದ್ದು ಅದೇ ವಿವೇಕ.

ಆದಕಾರಣ ತಂದೆತಾಯಿಗಳಿಗೆ ನಮ್ಮ ವಿಜ್ಞಾಪನೆಯೇನಂದರೆ: ಪಟ್ಟಿಯನ್ನು ಮಗಳೇ ಬರೆಯಲಿ, ಬೆಲೆಗಳನ್ನು ಅವಳೇ ವಿಚಾರಿಸಲಿ, ಅಂಗಡಿಗೆ ಅವಳೂ ಬರಲಿ, ಜೋಡಿಸುವಾಗ ತಿರುಪುಳಿಯು ಅವಳ ಕೈಯಲ್ಲಿಯೂ ಇರಲಿ. ಯಂತ್ರವು ಬಂದ ಮೇಲೆ ಯಾರಿಗೆ ಯಾವ ಹೊತ್ತು ಎಂಬದನ್ನು ಬರೆದು ಗೋಡೆಗೆ ಅಂಟಿಸಿರಿ; ಅದರಲ್ಲಿ ಅಡಿಗೆಯ ಹೊತ್ತನ್ನು ಬಿಟ್ಟು ಅವಳಿಗೆ ಓದುವ ಹೊತ್ತು ಸಿಕ್ಕಲಿ, ತಾಯಿಗೂ ಒಂದು ಹೊತ್ತು ಇರಲಿ.

ಹಿಂದಿನ ವಿದ್ಯಾರ್ಥಿನಿಯರಿಗೂ ಒಂದು ಮಾತು. ನಿಮ್ಮಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿರುವವರು ಅನೇಕರಿದ್ದೀರಿ. ನಿಮ್ಮ ಮನೆಯ ಮೂಲೆಯಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ಹಳೆಯ ಯಂತ್ರವನ್ನು ಶಾಲೆಗೆ ಕಳುಹಿಸಿಕೊಟ್ಟರೆ ನಮ್ಮ ಹುಡುಗಿಯರು ಅದನ್ನು ಬಿಚ್ಚಿ ಪುನಃ ಜೋಡಿಸಿ ಕಲಿಯುವರು. ಒಂದು ಶನಿವಾರ ನೀವೇ ಬಂದು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರಂತೂ ನಮಗೆ ಆಗುವ ಸಂತೋಷವು ಅಷ್ಟಿಷ್ಟಲ್ಲ.