ಬೆಟ್ಟದ ದಾರಿ ಅಶೋಕಪುರಂನಿಂದ

ಮೈಸೂರಿನ ಒಂದು ದಿನದ ಪ್ರವಾಸವೆಂದರೆ ಅರಮನೆ, ಮೃಗಾಲಯ, ಸಂಜೆಗೆ ವಾಹನವೇರಿ ಚಾಮುಂಡಿ ಬೆಟ್ಟ ಎಂಬುದೇ ರೂಢಿಯಾಗಿದೆ. ಈ ರೂಢಿಯ ಭಾರವನ್ನು ಹೊರುತ್ತಿರುವುದು ಬೆಟ್ಟ. 2021ರ ಅಕ್ಟೋಬರ್ ಮಳೆಗೆ ನಂದಿ ವಿಗ್ರಹದತ್ತ ಸಾಗುವ ರಸ್ತೆಯೇ ಕುಸಿಯಿತು. ಅಷ್ಟಾದರೂ ರೋಪ್‌ವೇ ಪ್ರಸ್ತಾಪ ಬಂದಿತು. ಪರಿಸರಪ್ರಿಯರ ವಿರೋಧದ ನಂತರ 2022ರಲ್ಲಿ ಅದನ್ನು ಕೈಬಿಡಲಾಯಿತು.

ನೆಲಕ್ಕೆ ಹಗುರವಾದ ಪ್ರವಾಸವೂ ಸಾಧ್ಯ. ಚಾಮರಾಜನಗರ ಮಾರ್ಗದ ರೈಲಿನಲ್ಲಿ ಬಂದು ಅಶೋಕಪುರಂನಲ್ಲಿ ಇಳಿಯಬಹುದು. ಅರಸರ ಸೌಧಗಳಷ್ಟೇ ಚರಿತ್ರೆಯಲ್ಲ. ದಲಿತರ ಸ್ವಾಭಿಮಾನದ ಹೋರಾಟಕ್ಕೆ ನೆಲೆಯಾದ ಈ ಬಡಾವಣೆಯ ಅಂಬೇಡ್ಕರ್ ಉದ್ಯಾನವೂ, ದುಡಿಯುವ ಕೈಗಳು 1924ರಿಂದ ನಡೆಸಿಕೊಂಡು ಬಂದ ರೈಲ್ವೆ ಕಾರ್ಯಾಗಾರವೂ ಚರಿತ್ರೆಯೇ. ಇವು ಪ್ರವಾಸಿಗರ ಕೈಪಿಡಿಗಳಲ್ಲಿ ಕಾಣದಿರುವುದು ಆಕಸ್ಮಿಕವಲ್ಲ.

ಇವನ್ನು ಕಂಡು ಬೆಟ್ಟದ ಪಾದವನ್ನು ಸೇರಿದರೆ, ದೊಡ್ಡದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳು ಇಂದಿಗೂ ಎದುರಾಗುತ್ತವೆ. ಹತ್ತಲಾರದ ವೃದ್ಧರಿಗೆ ಸರ್ಕಾರಿ ಬಸ್ಸು ಸಾಕು. ಖಾಸಗಿ ವಾಹನಗಳನ್ನು ಕೆಳಗೇ ತಡೆಯುವ ದಿಟ್ಟತನವನ್ನು ಆಡಳಿತ ತೋರಬೇಕು. ಬೆಟ್ಟ ಉಳಿದರೆ ಮಾತ್ರ ಅದನ್ನು ನೋಡಲು ಬರುವವರಿಗೆ ಅರ್ಥ.